ಟಿ.ವಿ. ಕೇಬಲೂ ಹವ್ಯಾಸಿ ರೇಡಿಯೋವೂ

ನಮ್ಮ ಪಟ್ಟಣಗಳ ಯಾವುದೇ ಬೀದಿಯಲ್ಲಿ ನಿಂತು ತಲೆಯೆತ್ತಿ ನೋಡಿದರೆ, ಕಂಬದಿಂದ ಕಂಬಕ್ಕೂ ಮಾಳಿಗೆಯಿಂದ ಮಾಳಿಗೆಗೂ ಹಾದುಹೋಗಿರುವ ಕಪ್ಪು ತಂತಿಗಳು ಕಾಣಿಸುತ್ತವೆ. ಕೆಲವು ವಿದ್ಯುತ್ತಿನವು, ಕೆಲವು ದೂರವಾಣಿಯವು. ಉಳಿದವುಗಳಲ್ಲಿ ಅನೇಕವು 1990ರ ದಶಕದಲ್ಲಿ ಮನೆಮನೆಗೂ ಟೆಲಿವಿಷನ್ ಚಿತ್ರಗಳನ್ನು ಹೊತ್ತು ತಂದ ಕೇಬಲುಗಳು. 1991ರ ಕೊಲ್ಲಿ ಯುದ್ಧದ ದೃಶ್ಯಗಳನ್ನು ಉಪಗ್ರಹದ ಮೂಲಕ ನೋಡಬಹುದೆಂಬುದು ಜನರಿಗೆ ತಿಳಿದ ಮೇಲೆ ನಮ್ಮ ದೇಶದಲ್ಲಿ ಕೇಬಲ್ ಟಿ.ವಿ. ಹಬ್ಬಿದ ವೇಗ ಬೆರಗುಗೊಳಿಸುವಂಥದು. 1995ರಲ್ಲಿ ಸಂಸತ್ತು ಅದಕ್ಕೆಂದೇ ಒಂದು ಕಾಯಿದೆಯನ್ನು ಮಾಡಬೇಕಾಯಿತು. ಈಗ ಆ ಕೆಲಸದ ದೊಡ್ಡ ಪಾಲನ್ನು ಚಾವಣಿಯ ಮೇಲಿನ ಪುಟ್ಟ ತಟ್ಟೆಗಳೂ ಬೆಳಕನ್ನು ಸಾಗಿಸುವ ಗಾಜಿನ ಎಳೆಗಳೂ ವಹಿಸಿಕೊಂಡಿವೆ. ಹಳೆಯ ಕೇಬಲು ಸುರುಳಿ ಸುತ್ತಿಕೊಂಡು ಕಂಬದಲ್ಲೋ, ಕೇಬಲ್ ನಡೆಸುವವರ ಕೊಠಡಿಯ ಮೂಲೆಯಲ್ಲೋ, ಗುಜರಿ ಅಂಗಡಿಯ ರಾಶಿಯಲ್ಲೋ ಬಿದ್ದಿರುತ್ತದೆ.

ಇದನ್ನು ಕಸವೆಂದು ಎಣಿಸದೆ ಆಸೆಯಿಂದ ನೋಡುವ ಒಂದು ಗುಂಪಿನ ಜನರಿದ್ದಾರೆ. ಅವರು ಹವ್ಯಾಸಿ ರೇಡಿಯೋದವರು. ಹ್ಯಾಮ್‌ಗಳೆಂಬುದು ಅವರಿಗೆ ಲೋಕವೆಲ್ಲ ಕೊಟ್ಟಿರುವ ಹೆಸರು. ಸರ್ಕಾರ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪರವಾನಗಿ ಪಡೆದು, ತಮ್ಮ ಮನೆಯಿಂದಲೇ ರೇಡಿಯೋ ಅಲೆಗಳ ಮೂಲಕ ದೇಶವಿದೇಶಗಳ ಹವ್ಯಾಸಿಗಳೊಡನೆ ಇವರು ಮಾತನಾಡುತ್ತಾರೆ. ಹಣ ಸಂಪಾದನೆ ಇವರ ಉದ್ದೇಶವಲ್ಲ. ನಿಯಮವೂ ಅದಕ್ಕೆ ಅವಕಾಶ ಕೊಡುವುದಿಲ್ಲ. ಆದರೆ 2004ರ ಡಿಸೆಂಬರ್ 26ರಂದು ಸುನಾಮಿ ಅಲೆಗಳು ಅಂಡಮಾನ್ ನಿಕೋಬಾರ್ ದ್ವೀಪಗಳನ್ನು ಅಪ್ಪಳಿಸಿದಾಗ, ಪ್ರಯೋಗಕ್ಕೆಂದು ಆ ವೇಳೆಗಾಗಲೇ ಪೋರ್ಟ್‌ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಅವರ ಸಂಗಡಿಗರು ದ್ವೀಪಗಳ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸಿದರು. ಇಂಥ ಗಳಿಗೆಗಳಲ್ಲಿ ಕಂಬಗಳು ಉರುಳಿರುತ್ತವೆ, ವಿದ್ಯುತ್ತು ನಿಂತಿರುತ್ತದೆ, ಬ್ಯಾಟರಿಯೊಂದೇ ಆಸರೆಯಾಗಿರುತ್ತದೆ. ಆಗ ರೇಡಿಯೋ ಯಂತ್ರ ಹೊರಡಿಸುವ ಒಂದೊಂದು ವಾಟಿಗೂ ಬೆಲೆಯುಂಟು.

ಆ ವಾಟುಗಳು ಯಂತ್ರದಿಂದ ಮಾಳಿಗೆಯ ಮೇಲಿನ ಆಂಟೆನಾದವರೆಗೆ ಹೋಗಬೇಕಾದ ದಾರಿಯೇ ಕೇಬಲು. ದಾರಿಯಲ್ಲಿ ಎಷ್ಟು ಸೋರಿಹೋಗುತ್ತದೆ ಎಂಬುದು ದೊಡ್ಡ ಪ್ರಶ್ನೆ. ಇದನ್ನು ಅರಿಯಬೇಕಾದರೆ ಕೇಬಲಿನ ರಚನೆಯನ್ನು ಮೊದಲು ನೋಡಬೇಕು.

ಟಿ.ವಿ. ಕೇಬಲಿನ ಒಂದು ತುಂಡನ್ನು ಅಡ್ಡಲಾಗಿ ಕತ್ತರಿಸಿದರೆ ನಡುವೆ ಒಂದು ಲೋಹದ ಎಳೆ, ಅದರ ಸುತ್ತ ಬಿಳಿಯ ನೊರೆಯಂತಹ ಪಾಲಿಥಿನ್, ಅದರ ಮೇಲೆ ತೆಳುವಾದ ಲೋಹದ ಹಾಳೆ ಮತ್ತು ಜಡೆಯಂತೆ ಹೆಣೆದ ತಂತಿಯ ಹೊದಿಕೆ, ಎಲ್ಲಕ್ಕೂ ಹೊರಗೆ ಕಪ್ಪು ಕವಚ ಕಾಣಿಸುತ್ತವೆ. ಒಳಗಿನ ಎಳೆಗೂ ಹೊರಗಿನ ಲೋಹದ ಹೊದಿಕೆಗೂ ಅಕ್ಷ ಒಂದೇ ಆದುದರಿಂದ ಇದನ್ನು ಏಕಾಕ್ಷ ಕೇಬಲು ಎನ್ನುತ್ತಾರೆ. ರೇಡಿಯೋ ಶಕ್ತಿ ಇವೆರಡು ವಾಹಕಗಳ ನಡುವಣ ಜಾಗದಲ್ಲಿ ಬಂಧಿತವಾಗಿ ಸಾಗುತ್ತದೆ. ಹೊರಗಿನ ಗದ್ದಲ ಒಳಕ್ಕೆ ಬಾರದು, ಒಳಗಿನದು ಹೊರಕ್ಕೆ ಹೋಗದು. ಈ ಉಪಾಯವನ್ನು 1880ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಮಾಡಿಸಿದವನು ಆಲಿವರ್ ಹೆವಿಸೈಡ್. ಹದಿನಾರನೆಯ ವಯಸ್ಸಿಗೇ ಶಾಲೆ ಬಿಟ್ಟು, ತಂತಿ ಕಚೇರಿಯಲ್ಲಿ ದುಡಿಯುತ್ತ, ಉನ್ನತ ಗಣಿತವನ್ನು ತಾನೇ ಕಲಿತ ಮಹಾಶಯನೀತ. ಅನೇಕ ವಾಹಿನಿಗಳನ್ನು ಒಟ್ಟಿಗೆ ಸಾಗಿಸಬಲ್ಲ ಇಂದಿನ ರೂಪದ ಕೇಬಲಿಗೆ ಅಮೆರಿಕದ ಲಾಯ್ಡ್ ಎಸ್ಪೆನ್‌ಶೀಡ್ ಮತ್ತು ಹರ್ಮನ್ ಆಫೆಲ್ ಎಂಬ ಇಂಜಿನಿಯರುಗಳು 1929ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು.

ಕೇಬಲಿನಲ್ಲಿ ನಷ್ಟವಾಗುವ ಶಕ್ತಿ ಬಿಸಿಯಾಗಿ ಮಾರ್ಪಡುತ್ತದೆ. ವಾಹಕ ದಪ್ಪವಾದಷ್ಟೂ, ನಡುವಣ ಅವಾಹಕದಲ್ಲಿ ಗಾಳಿಯ ಪಾಲು ಹೆಚ್ಚಿದಷ್ಟೂ ನಷ್ಟ ಕಡಿಮೆ. ಆವೃತ್ತಿ ಏರಿದಷ್ಟೂ ನಷ್ಟ ಹೆಚ್ಚು. ಹವ್ಯಾಸಿಗಳು ಅಗ್ಗವೆಂದು ಕೊಳ್ಳುವ, ಪೆನ್ಸಿಲಿಗಿಂತ ತೆಳುವಾದ ಆರ್‌ಜಿ-58 ಎಂಬ ಕೇಬಲನ್ನೂ, ಮನೆಯೊಳಕ್ಕೆ ಬರುವ ಟಿ.ವಿ. ಕೇಬಲಾದ ಆರ್‌ಜಿ-6 ಎಂಬುದನ್ನೂ ಹೋಲಿಸೋಣ. ಎರಡೂ 30 ಮೀಟರ್ ಉದ್ದವಿರಲಿ. 145 ಮೆಗಾಹರ್ಟ್ಸ್ ಆವೃತ್ತಿಯಲ್ಲಿ 10 ವಾಟು ಕಳುಹಿಸಿದರೆ ಮೊದಲನೆಯದರ ತುದಿಗೆ ಮೂರು ವಾಟಿಗಿಂತ ಕಡಿಮೆ ಮುಟ್ಟುತ್ತದೆ. ಎರಡನೆಯದರ ತುದಿಗೆ ಸುಮಾರು ಐದೂವರೆ ವಾಟು ಮುಟ್ಟುತ್ತದೆ. ಅರ್ಧ ಅಂಗುಲ ದಪ್ಪದ, ಅಲ್ಯೂಮಿನಿಯಂ ಕೊಳವೆಯನ್ನೇ ಹೊರವಾಹಕವಾಗಿ ಉಳ್ಳ ಟ್ರಂಕ್ ಕೇಬಲಾದರೆ ಎಂಟು ವಾಟು! ಕಡಿಮೆ ಆವೃತ್ತಿಗಳಲ್ಲಿ, ಉದಾಹರಣೆಗೆ 7 ಮೆಗಾಹರ್ಟ್ಸಿನಲ್ಲಿ, ಈ ಅಂತರ ಇಷ್ಟು ಎದ್ದು ಕಾಣುವುದಿಲ್ಲ. ಮೇಲೇರಿದಂತೆ ಅದು ನಿರ್ದಯವಾಗುತ್ತದೆ. 2005ರ ಮೇ 5ರಂದು ನಮ್ಮ ಇಸ್ರೋ ಸಂಸ್ಥೆ ಶ್ರೀಹರಿಕೋಟೆಯಿಂದ ಹಾರಿಸಿದ ಹ್ಯಾಮ್‌ಸ್ಯಾಟ್ ಎಂಬ ಉಪಗ್ರಹ ಹವ್ಯಾಸಿಗಳಿಗಾಗಿಯೇ ಮೀಸಲಾಗಿತ್ತು. 2014ರವರೆಗೂ ಅದು ಕೆಲಸ ಮಾಡಿತು. ಅದಕ್ಕೆ ನೆಲದಿಂದ ಮಾತು ಕಳುಹಿಸಬೇಕಾದ ಆವೃತ್ತಿ ಸುಮಾರು 435 ಮೆಗಾಹರ್ಟ್ಸ್. ಆ ಆವೃತ್ತಿಯಲ್ಲಿ 30 ಮೀಟರಿನ ತೆಳು ಕೇಬಲು 10 ವಾಟಿನಲ್ಲಿ ಒಂದು ವಾಟನ್ನೂ ಪೂರ್ತಿಯಾಗಿ ಮೇಲಕ್ಕೆ ಬಿಡುವುದಿಲ್ಲ. ದುಬಾರಿ ಯಂತ್ರವನ್ನು ಕೊಂಡು ತಂದವನು ಅದರ ಶಕ್ತಿಯಿಂದ ಗೋಡೆಯ ಮೇಲಿನ ತಂತಿಯನ್ನು ಬೆಚ್ಚಗಿಟ್ಟಂತಾಯಿತು. ಯಂತ್ರಕ್ಕೆ ಸುರಿದ ಹಣದಲ್ಲಿ ಒಂದಿಷ್ಟನ್ನಾದರೂ ಕೇಬಲಿಗೆ ಇಡಬೇಕೆಂದು ಅನುಭವಸ್ಥರು ಹೇಳುವುದು ಇದರಿಂದಲೇ. ಕೇಬಲು ಪುಕ್ಕಟೆ ಸಿಗುವುದಾದರೆ ಇನ್ನೂ ಲೇಸಲ್ಲವೇ?

ಅದು ಪುಕ್ಕಟೆ ಸಿಗತೊಡಗಿದ್ದು ಅಮೆರಿಕದಲ್ಲಿ. 1948ರ ಸುಮಾರಿಗೆ ಅಲ್ಲಿಯ ಪೆನ್ಸಿಲ್ವೇನಿಯ, ಆರೆಗನ್ ಮೊದಲಾದ ರಾಜ್ಯಗಳ ಗುಡ್ಡಗಾಡಿನ ಊರುಗಳಲ್ಲಿ ಟೆಲಿವಿಷನ್ ಅಲೆಗಳು ಕಣಿವೆಗೆ ಇಳಿಯುತ್ತಿರಲಿಲ್ಲ. ಎತ್ತರದ ಜಾಗದಲ್ಲಿ ಇಡೀ ಊರಿಗೆ ಒಂದೇ ಆಂಟೆನಾ ನಿಲ್ಲಿಸಿ, ಅಲ್ಲಿಂದ ಕೇಬಲಿನ ಮೂಲಕ ಮನೆಗಳಿಗೆ ಚಿತ್ರ ಹಂಚುವ ಪದ್ಧತಿ ಹೀಗೆ ಹುಟ್ಟಿತು. ಊರಿನ ನಡುವೆ ಹಾಯುವ ಮುಖ್ಯ ದಾರಿಗೆ ದಪ್ಪನೆಯ ಟ್ರಂಕ್ ಕೇಬಲು ಬೇಕು. ಅದು ದೊಡ್ಡ ಮರದ ರಾಟೆಗಳಲ್ಲಿ ಸುತ್ತಿ ಬರುತ್ತದೆ. ಒಂದು ಕಂಬದಿಂದ ಇನ್ನೊಂದಕ್ಕೆ ಎಳೆದ ಮೇಲೆ ರಾಟೆಯಲ್ಲಿ ಉಳಿಯುವ ಇಪ್ಪತ್ತು, ಮೂವತ್ತು, ಐವತ್ತು ಮೀಟರಿನ ತುಂಡುಗಳು ಕಂಪನಿಗೆ ಯಾವ ಉಪಯೋಗಕ್ಕೂ ಬಾರವು. ಹವ್ಯಾಸಿಯ ಮಾಳಿಗೆಗೆ ಮಾತ್ರ ಅದು ಹೇಳಿ ಮಾಡಿಸಿದ ಅಳತೆ. ಕೇಳಿದವರಿಗೆ ಕಂಪನಿಗಳು ಅದನ್ನು ಬಿಟ್ಟುಕೊಡತೊಡಗಿದವು. ಹಾಗೆಂದು ಇವರಿಬ್ಬರ ನಡುವೆ ಸದಾ ಸ್ನೇಹವೇ ಇತ್ತೆಂದು ತಿಳಿಯಬೇಕಾಗಿಲ್ಲ. ಕೇಬಲಿನ ಒಳಗೆ ಓಡುವ ಟಿ.ವಿ. ವಾಹಿನಿಗಳಲ್ಲಿ ಒಂದರ ಆವೃತ್ತಿ ಹವ್ಯಾಸಿಗಳಿಗೆ ಮೀಸಲಾದ 144 ಮೆಗಾಹರ್ಟ್ಸಿನ ಪಟ್ಟಿಯ ಮೇಲೆಯೇ ಬೀಳುತ್ತದೆ. ಜೋಡಣೆ ಸಡಿಲವಾಗಿ ಕೇಬಲು ಸೋರತೊಡಗಿದರೆ ಹವ್ಯಾಸಿಗೆ ಟಿ.ವಿ.ಯ ಗುಂಯ್‌ಗುಡಿಕೆ, ಟಿ.ವಿ. ನೋಡುವವರಿಗೆ ಹವ್ಯಾಸಿಯ ಮಾತು!

ಆದರೆ ಪುಕ್ಕಟೆಯ ಕೇಬಲಿನಲ್ಲಿ ಒಂದು ತೊಡಕಿದೆ. ಹವ್ಯಾಸಿಯ ಯಂತ್ರಗಳೆಲ್ಲವೂ 50 ಓಮ್ ಕೇಬಲಿಗೆಂದು ರಚಿತವಾದವು, ಟಿ.ವಿ. ಕೇಬಲು 75 ಓಮಿನದು. ಈ ಓಮ್ ಎಂಬುದು ಇಲ್ಲಿ ತಂತಿಯ ಸಾಮಾನ್ಯ ರೋಧವಲ್ಲ. ಕೇಬಲಿನಲ್ಲಿ ಸಾಗುವ ಅಲೆಯ ವೋಲ್ಟೇಜಿಗೂ ವಿದ್ಯುತ್‌ಪ್ರವಾಹಕ್ಕೂ ಇರುವ ಅನುಪಾತ ಅದು; ಅದನ್ನು ಪ್ರತಿಬಾಧೆ ಎನ್ನುತ್ತಾರೆ. ಕೇಬಲು ಹತ್ತು ಮೀಟರಿದ್ದರೂ ನೂರು ಮೀಟರಿದ್ದರೂ ಅದು ಬದಲಾಗುವುದಿಲ್ಲ. ಹೊರಗಿನ ವಾಹಕದ ವ್ಯಾಸ ಒಳಗಿನದರ ಎಷ್ಟು ಪಟ್ಟು ಇದೆ, ನಡುವೆ ಯಾವ ಪದಾರ್ಥವಿದೆ ಎಂಬುವೇ ಅದನ್ನು ನಿರ್ಧರಿಸುತ್ತವೆ. ನಡುವೆ ಗಾಳಿಯೇ ಇರುವ ಕೇಬಲಿನಲ್ಲಿ ಈ ಪಟ್ಟು ಸುಮಾರು 3.6 ಆದಾಗ ನಷ್ಟ ಅತಿ ಕಡಿಮೆ; ಆಗ ಪ್ರತಿಬಾಧೆ 77 ಓಮ್. ಅತಿ ಹೆಚ್ಚು ಶಕ್ತಿಯನ್ನು ತಡೆದುಕೊಳ್ಳಬಲ್ಲ ಕೇಬಲು ಬೇಕೆಂದರೆ ಪ್ರತಿಬಾಧೆ 30 ಓಮಿನ ಹತ್ತಿರ ಇರಬೇಕು. ಟಿ.ವಿ.ಯವರು ಕ್ಷೀಣವಾದ ಸಂಕೇತವನ್ನು ಕಿಲೋಮೀಟರುಗಟ್ಟಲೆ ಒಯ್ಯಬೇಕು. ಅವರಿಗೆ ನಷ್ಟವೇ ಶತ್ರು. ಪ್ರೇಷಕಯಂತ್ರದವರಿಗೆ ಎರಡೂ ಬೇಕು. ಅವರು ನಡುವಣ 50ಕ್ಕೆ ಒಪ್ಪಿಕೊಂಡರು. ಈ ಎರಡು ಸಂಖ್ಯೆಗಳನ್ನು ಸಾಮಾನ್ಯವಾಗಿ ವಿವರಿಸುವುದು ಹೀಗೆ.

ಪ್ರತಿಬಾಧೆ ಹೊಂದದಿದ್ದರೆ ಆಗುವುದೇನು? ತೆಳುವಾದ ಒಂದು ಹಗ್ಗಕ್ಕೆ ದಪ್ಪ ಹಗ್ಗವೊಂದನ್ನು ಗಂಟು ಹಾಕಿ, ತೆಳು ಹಗ್ಗದ ತುದಿಯನ್ನು ಹಿಡಿದು ಒಮ್ಮೆ ಜಾಡಿಸಿ ನೋಡಿ. ಅಲೆ ಗಂಟಿನವರೆಗೆ ಓಡಿ, ಅಲ್ಲಿ ಸ್ವಲ್ಪ ಮುಂದಕ್ಕೆ ಹೋಗಿ, ಉಳಿದದ್ದು ಕೈಗೇ ಮರಳುತ್ತದೆ. 50 ಓಮ್ ಮತ್ತು 75 ಓಮ್ ಕೂಡುವಲ್ಲಿಯೂ ಹೀಗೆಯೇ. ಆದರೆ ಮರಳುವ ಭಾಗ ಎಷ್ಟು? ಎರಡರ ವ್ಯತ್ಯಾಸವಾದ 25ನ್ನು ಮೊತ್ತವಾದ 125ರಿಂದ ಭಾಗಿಸಿದರೆ ಐದನೆಯ ಒಂದು. ಇದು ವೋಲ್ಟೇಜಿನ ಲೆಕ್ಕ. ಶಕ್ತಿಯ ಲೆಕ್ಕಕ್ಕೆ ಇದರ ವರ್ಗ ಮಾಡಬೇಕು: ಇಪ್ಪತ್ತೈದನೆಯ ಒಂದು, ಎಂದರೆ ನೂರಕ್ಕೆ ನಾಲ್ಕು. ತೆಳು ಕೇಬಲು ನೂರಕ್ಕೆ ಎಪ್ಪತ್ತನ್ನು ನುಂಗಿದ್ದನ್ನು ಈಗಷ್ಟೇ ಕಂಡೆವು. ನಾಲ್ಕಕ್ಕೆ ಹೆದರಿ ಎಪ್ಪತ್ತನ್ನು ಬಿಡುವುದು ಜಾಣತನವಲ್ಲ. ಆದರೂ ‘75 ಓಮ್ ನಮಗೆ ಆಗದು’ ಎಂಬ ಮಾತು ಹವ್ಯಾಸಿಗಳಲ್ಲಿ ಇನ್ನೂ ಕೇಳಿಬರುತ್ತದೆ. ಲೆಕ್ಕ ಮಾಡಿ ನೋಡಿದವರು ಹಾಗೆ ಹೇಳಲಾರರು.

ಆದರೆ ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಆಂಟೆನಾ 75 ಓಮಿನದಾಗಿದ್ದರೆ ಕೇಬಲು ಎಷ್ಟೇ ಉದ್ದವಿರಲಿ, ಯಂತ್ರಕ್ಕೆ ಕಾಣುವುದು 75 ಓಮ್. ನಷ್ಟ ಮೇಲೆ ಹೇಳಿದಷ್ಟೇ. ಆಂಟೆನಾ 50 ಓಮಿನದಾಗಿದ್ದರೆ ಮಾತ್ರ ಕೇಬಲಿನ ಉದ್ದ ತನ್ನ ಆಟವನ್ನು ತೋರುತ್ತದೆ. ಆಂಟೆನಾದ ಕಡೆಯಿಂದ ಮರಳಿದ ಅಲೆ ಹೋಗುವ ಅಲೆಯೊಡನೆ ಕೂಡುವುದರಿಂದ, ಕೇಬಲಿನ ಉದ್ದ ಕಾಲು ತರಂಗದೂರದಷ್ಟಿದ್ದರೆ ಯಂತ್ರಕ್ಕೆ ಆಂಟೆನಾ 112 ಓಮಿನಂತೆ ಕಾಣುತ್ತದೆ. ಟ್ರಾನ್ಸಿಸ್ಟರಿನ ಇಂದಿನ ಯಂತ್ರಗಳು ಇದರಿಂದ ಗಾಬರಿಗೊಂಡಂತೆ ತಮ್ಮ ಶಕ್ತಿಯನ್ನು ತಾವೇ ತಗ್ಗಿಸಿಕೊಳ್ಳುವುದುಂಟು. ಅರ್ಧ ತರಂಗದೂರವಿದ್ದರೋ, ಯಂತ್ರಕ್ಕೆ ಆಂಟೆನಾದ 50 ಓಮೇ ಕಾಣುತ್ತದೆ. ನಡುವೆ 75 ಓಮಿನ ಕೇಬಲು ಇದೆಯೆಂಬುದೇ ಅದಕ್ಕೆ ತಿಳಿಯುವುದಿಲ್ಲ! ಅರ್ಧ ತರಂಗದೂರದ ಎರಡು ಪಟ್ಟು, ಮೂರು ಪಟ್ಟು ಇದ್ದರೂ ಇದೇ ಫಲ.

ಈ ಉದ್ದವನ್ನು ಕಂಡುಹಿಡಿಯುವುದು ಸುಲಭ. 300ನ್ನು ಮೆಗಾಹರ್ಟ್ಸಿನಲ್ಲಿರುವ ಆವೃತ್ತಿಯಿಂದ ಭಾಗಿಸಿದರೆ ಗಾಳಿಯಲ್ಲಿ ತರಂಗದೂರ ಮೀಟರುಗಳಲ್ಲಿ ದೊರೆಯುತ್ತದೆ. ಕೇಬಲಿನೊಳಗೆ ಅಲೆ ಸ್ವಲ್ಪ ನಿಧಾನವಾಗಿ ಸಾಗುವುದರಿಂದ ಅಲ್ಲಿ ತರಂಗದೂರ ಕುಗ್ಗುತ್ತದೆ. ನೊರೆಯ ಪಾಲಿಥಿನ್ ತುಂಬಿದ ಆರ್‌ಜಿ-6 ಕೇಬಲಿನಲ್ಲಿ ಅಲೆಯ ವೇಗ ಬೆಳಕಿನ ವೇಗದ ನೂರಕ್ಕೆ ಸುಮಾರು 83ರಷ್ಟು. 14.1 ಮೆಗಾಹರ್ಟ್ಸಿಗೆ ಗಾಳಿಯಲ್ಲಿ ಅರ್ಧ ತರಂಗದೂರ 10.64 ಮೀಟರ್; ಕೇಬಲಿನಲ್ಲಿ 8.83 ಮೀಟರ್. ಅದರ ಎರಡು ಪಟ್ಟು 17.66 ಮೀಟರ್. ಎರಡಂತಸ್ತಿನ ಮನೆಯ ಮಾಳಿಗೆಯಿಂದ ಕೋಣೆಗೆ ಇಳಿಯಲು ಇಷ್ಟು ಉದ್ದ ಸಾಮಾನ್ಯವಾಗಿ ಬೇಕಾಗುತ್ತದೆ. ಒಂದೆರಡು ಮೀಟರ್ ಹೆಚ್ಚಾದರೆ ಮೂಲೆಯಲ್ಲಿ ಸುತ್ತಿಡಬಹುದು. ಕತ್ತರಿಸುವ ಆತುರ ಬೇಡ. 145 ಮೆಗಾಹರ್ಟ್ಸಿನಲ್ಲಿಯೂ ಇದೇ ಉಪಾಯ ನಡೆಯುತ್ತದೆಯಾದರೂ, ಅಲ್ಲಿ ಅಷ್ಟೇ ಉದ್ದದ ಕೇಬಲಿನಲ್ಲಿ ಅರ್ಧ ತರಂಗಗಳು ಇಪ್ಪತ್ತಕ್ಕೂ ಹೆಚ್ಚು ಇರುವುದರಿಂದ ಆವೃತ್ತಿ ಸ್ವಲ್ಪ ಸರಿದರೂ ಲೆಕ್ಕ ತಪ್ಪುತ್ತದೆ.

75 ಓಮ್ ದೋಷವಾಗಿರದೆ ಗುಣವೇ ಆಗುವ ಸಂದರ್ಭಗಳೂ ಉಂಟು. ಅರ್ಧ ತರಂಗದೂರದ ತಂತಿಯನ್ನು ನಡುವೆ ತುಂಡರಿಸಿ ಎರಡು ತೋಳುಗಳಂತೆ ಚಾಚುವ ಸರಳ ಆಂಟೆನಾ ಹವ್ಯಾಸಿಗಳ ಮೊದಲ ಪಾಠ. 7.1 ಮೆಗಾಹರ್ಟ್ಸಿಗೆ ಒಂದೊಂದು ತೋಳೂ ಸುಮಾರು 10 ಮೀಟರ್ ಇರುತ್ತದೆ. ನೆಲದಿಂದ ಬಹು ದೂರದಲ್ಲಿರುವ ಇಂಥ ಆಂಟೆನಾದ ಪ್ರತಿಬಾಧೆ 73 ಓಮ್. ನೆಲದಿಂದ ಅದರ ಎತ್ತರಕ್ಕೆ ತಕ್ಕಂತೆ ಇದು ಏರಿಳಿಯುವುದು ನಿಜವಾದರೂ, ಟಿ.ವಿ. ಕೇಬಲು ಇದಕ್ಕೆ 50 ಓಮಿನ ಕೇಬಲಿಗಿಂತ ಹತ್ತಿರದ ನೆಂಟ. ಇನ್ನು ಒಂದಿಡೀ ತರಂಗದೂರದ ತಂತಿಯನ್ನು ಚೌಕವಾಗಿ ಬಾಗಿಸಿ ಮಾಡುವ ಆಂಟೆನಾದ ಪ್ರತಿಬಾಧೆ 100ರಿಂದ 120 ಓಮಿನಷ್ಟು. ಅದನ್ನು 50 ಓಮಿನ ಯಂತ್ರಕ್ಕೆ ಹೊಂದಿಸುವುದು ಹೇಗೆ? ಕಾಲು ತರಂಗದೂರದ 75 ಓಮ್ ಕೇಬಲು 50ನ್ನು 112 ಮಾಡಿದ್ದನ್ನು ನೆನೆಯಿರಿ. ಅದು 112ನ್ನು 50 ಮಾಡಲೂ ಬಲ್ಲದು. 75ರ ವರ್ಗ 5625, 112.5ನ್ನು 50ರಿಂದ ಗುಣಿಸಿದರೂ 5625. ಮೊದಲು ನಮ್ಮನ್ನು ಕಾಡಿದ ಗುಣವೇ ಇಲ್ಲಿ ಸಹಾಯಕ್ಕೆ ಬಂದಿತು. 145 ಮೆಗಾಹರ್ಟ್ಸಿಗೆ ಇದಕ್ಕಾಗಿ ಬೇಕಾದ ತುಂಡು ಕೇವಲ 43 ಸೆಂಟಿಮೀಟರ್. ದೂರದ ಕ್ಷೀಣ ಧ್ವನಿಗಳನ್ನು ಆಲಿಸಲೆಂದೇ ನೂರಾರು ಮೀಟರ್ ಉದ್ದದ ತಂತಿಯನ್ನು ಬಯಲಿನಲ್ಲಿ ಎಳೆಯುವವರಂತೂ ಆರ್‌ಜಿ-6 ಕೇಬಲನ್ನು ಧಾರಾಳವಾಗಿ ಬಳಸುತ್ತಾರೆ; ಕೇಳುವುದಕ್ಕೆ ಮಾತ್ರವಾದುದರಿಂದ ಅಲ್ಲಿ ಶಕ್ತಿಯ ಚಿಂತೆಯಿಲ್ಲ.

ಕೇಬಲಿನ ಲೋಹದ ಕಡೆಗೂ ಗಮನ ಕೊಡಬೇಕು. ಆರ್‌ಜಿ-6 ಕೇಬಲಿನ ನಡುವಣ ಎಳೆ ಅನೇಕ ವೇಳೆ ಅಪ್ಪಟ ತಾಮ್ರವಲ್ಲ; ಉಕ್ಕಿನ ತಂತಿಗೆ ತಾಮ್ರದ ತೆಳು ಹೊದಿಕೆ. ಇದು ಮೋಸವಲ್ಲ. ಅಧಿಕ ಆವೃತ್ತಿಯ ವಿದ್ಯುತ್ತು ವಾಹಕದ ಹೊರಮೈಯನ್ನೇ ಹಿಡಿದು ಹರಿಯುತ್ತದೆ. 100 ಮೆಗಾಹರ್ಟ್ಸಿನಲ್ಲಿ ಅದು ತಾಮ್ರದೊಳಕ್ಕೆ ಇಳಿಯುವ ಆಳ ಒಂದು ಮಿಲಿಮೀಟರಿನ ನೂರೈವತ್ತನೆಯ ಒಂದು ಭಾಗ ಮಾತ್ರ. ಒಳಗೆ ಉಕ್ಕಿದ್ದರೇನು, ಬಿದಿರಿದ್ದರೇನು? ಆದರೆ 1 ಮೆಗಾಹರ್ಟ್ಸಿಗೆ ಇಳಿದರೆ ಈ ಆಳ ಹತ್ತು ಪಟ್ಟಾಗುತ್ತದೆ. ತಾಮ್ರದ ಹೊದಿಕೆ ಸಾಲದೆ ವಿದ್ಯುತ್ತು ಉಕ್ಕಿಗೂ ಇಳಿದು ನಷ್ಟ ಹೆಚ್ಚುತ್ತದೆ. ಆದುದರಿಂದ 3.5 ಮೆಗಾಹರ್ಟ್ಸಿನಂತಹ ತಗ್ಗು ಆವೃತ್ತಿಯಲ್ಲಿ ಪ್ರೇಷಣ ಮಾಡುವವರು ತಾಮ್ರದ ಎಳೆಯ ಕೇಬಲನ್ನೇ ಹುಡುಕುವುದು ಮೇಲು. ಪರೀಕ್ಷೆಗೆ ಒಂದು ಸಣ್ಣ ಅಯಸ್ಕಾಂತ ಸಾಕು: ಎಳೆ ಅಂಟಿದರೆ ಒಳಗೆ ಉಕ್ಕಿದೆ.

ಹೊರಗಿನ ಹೆಣಿಗೆ ಅಲ್ಯೂಮಿನಿಯಮ್ಮಿನದಾದರೆ ಅದಕ್ಕೆ ಸಾಮಾನ್ಯ ಬೆಸುಗೆ ಹಿಡಿಯುವುದಿಲ್ಲ. ಟಿ.ವಿ.ಯವರು ಬಳಸುವ, ಅದುಮಿ ಕೂರಿಸುವ ಕನೆಕ್ಟರುಗಳನ್ನೇ ಹಾಕಿ, ಅದರ ಮುಂದೆ ಯಂತ್ರಕ್ಕೆ ಹೊಂದುವ ತುಂಡನ್ನು ತಿರುಗಿಸಿಕೊಳ್ಳಬೇಕು. ಟ್ರಂಕ್ ಕೇಬಲಿಗೆ ತಕ್ಕ ಕನೆಕ್ಟರುಗಳು ದುಬಾರಿ. ಅಮೆರಿಕದ ಹವ್ಯಾಸಿಗಳು ನೀರಿನ ನಲ್ಲಿ ಜೋಡಿಸುವವರ ಹಿತ್ತಾಳೆಯ ಬಿಡಿಭಾಗಗಳನ್ನು ಕೊರೆದು ತಿದ್ದಿ ಅವನ್ನು ತಾವೇ ಮಾಡಿಕೊಂಡರು. ತಾಮ್ರವೂ ಅಲ್ಯೂಮಿನಿಯಮ್ಮೂ ಒಂದಕ್ಕೊಂದು ತಗುಲಿದ ಕಡೆ ಮಳೆಯ ತೇವ ಸೇರಿದರೆ ಪುಟ್ಟದೊಂದು ವಿದ್ಯುತ್ಕೋಶವೇ ಏರ್ಪಟ್ಟು ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ. ಹೊರಗಿನ ಪ್ರತಿಯೊಂದು ಜೋಡಣೆಯನ್ನೂ ನೀರು ಹೊಗದಂತೆ ರಬ್ಬರಿನ ಪಟ್ಟಿಯಿಂದ ಬಿಗಿಯಾಗಿ ಸುತ್ತಬೇಕು. ಕೇಬಲು ಕಿಟಕಿಯನ್ನು ಹೊಗುವ ಮೊದಲು ಅದಕ್ಕಿಂತ ಒಂದು ಗೇಣು ಕೆಳಕ್ಕೆ ಜೋಲು ಬಿದ್ದು ಮೇಲೇರುವಂತಿರಬೇಕು. ನೀರು ಒಳಗೆ ಬಾರದೆ ಆ ತಗ್ಗಿನಲ್ಲಿಯೇ ತೊಟ್ಟಿಕ್ಕುತ್ತದೆ. ನಮ್ಮ ಮಲೆನಾಡು ಕರಾವಳಿಗಳ ಮಳೆಗಾಲವನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕೇಬಲನ್ನು ಪಡೆಯುವ ರೀತಿಯಲ್ಲಿಯೂ ವಿವೇಕ ಬೇಕು. ಕಂಬದ ಮೇಲೆ ತೂಗುವುದೆಲ್ಲ ಅನಾಥವಲ್ಲ. ಬಿಟ್ಟುಹಾಕಿದಂತೆ ಕಾಣುವ ತಂತಿಯಲ್ಲಿ ಯಾರದೋ ಮನೆಗೆ ಚಿತ್ರ ಹೋಗುತ್ತಿರಬಹುದು. ದಾರಿಯ ನಡುವಣ ವರ್ಧಕಗಳಿಗೆಂದು ಟ್ರಂಕ್ ಕೇಬಲಿನಲ್ಲಿ 60 ವೋಲ್ಟಿನ ವಿದ್ಯುತ್ತನ್ನೂ ಹರಿಸುತ್ತಾರೆ. ಅದೇ ಕಂಬದಲ್ಲಿ ಮನೆಗಳಿಗೆ ಹೋಗುವ ವಿದ್ಯುತ್ ತಂತಿಯೂ ಇರುವುದುಂಟು; ಅಲ್ಲಿಗೆ ಹತ್ತುವುದು ಪ್ರಾಣಕ್ಕೇ ಅಪಾಯ. ಊರಿನ ಕೇಬಲ್ ನಡೆಸುವವರ ಬಳಿಗೆ ಹೋಗಿ, ಇಳಿಸಿಟ್ಟ ಸುರುಳಿಗಳಲ್ಲಿ ಒಂದನ್ನು ಕೇಳಿ ಪಡೆಯುವುದೇ ಸರಿಯಾದ ದಾರಿ. ತಂದ ಮೇಲೆ ಎರಡು ತುದಿಗಳಿಂದಲೂ ಒಂದೊಂದು ಮೊಳ ಕತ್ತರಿಸಿ ನೋಡಬೇಕು. ಹೆಣಿಗೆ ಕಪ್ಪಗಾಗಿದ್ದರೆ ಇಲ್ಲವೆ ನೊರೆ ಒದ್ದೆಯಾಗಿದ್ದರೆ ಬೆಳ್ಳಗಿನ ಲೋಹ ಕಾಣುವವರೆಗೂ ಕತ್ತರಿಸುತ್ತ ಹೋಗಬೇಕು. ಕಾಣದಿದ್ದರೆ ಇಡೀ ಸುರುಳಿಯನ್ನು ಗುಜರಿಗೆ ಹಾಕಬೇಕು. ಓಮ್‌ಮಾಪಕದಲ್ಲಿ ಎಳೆಗೂ ಹೊದಿಕೆಗೂ ನಡುವೆ ಯಾವ ಸಂಪರ್ಕವೂ ಕಾಣಬಾರದು. ಟ್ರಂಕ್ ಕೇಬಲಾದರೆ ಎಲ್ಲಿಯೂ ಕೊಳವೆ ಮಡಿಚಿರಬಾರದು; ಮಡಿಕೆ ಬಿದ್ದಲ್ಲಿ ಎರಡು ವಾಹಕಗಳ ನಡುವಣ ಅಂತರ ಕೆಟ್ಟು ಪ್ರತಿಬಾಧೆಯೂ ಕೆಡುತ್ತದೆ. ಅದನ್ನು ನೆಟ್ಟಗೆ ಮಾಡಲು ಬಡಿದವರು ಇನ್ನಷ್ಟು ಕೆಡಿಸಿದ್ದೇ ಹೆಚ್ಚು.

ಮಾಳಿಗೆಯ ಆಂಟೆನಾಕ್ಕೆ ಸೇರಿದ ಕೇಬಲು ಸಿಡಿಲಿಗೂ ದಾರಿಯಾಗಬಲ್ಲದು. ಅದರ ಹೊರ ಹೊದಿಕೆಯನ್ನು ಮನೆಯನ್ನು ಹೊಗುವ ಮುಂಚೆಯೇ ದಪ್ಪ ತಂತಿಯಿಂದ ಭೂಮಿಗೆ ಜೋಡಿಸಬೇಕು. ಅಷ್ಟಕ್ಕೇ ನಂಬಿ ಕೂರಬಾರದು. ಏಪ್ರಿಲ್ ಮೇ ತಿಂಗಳ ಸಂಜೆಗಳಲ್ಲಿ ಪಡುವಣ ದಿಕ್ಕಿನಲ್ಲಿ ಮೋಡ ಕಟ್ಟತೊಡಗಿದರೆ ಅನುಭವವುಳ್ಳ ಹವ್ಯಾಸಿಗಳು ಮೊದಲ ಗುಡುಗಿಗೆ ಕಾಯುವುದಿಲ್ಲ. ಮಾತನ್ನು ಅಲ್ಲಿಗೇ ನಿಲ್ಲಿಸಿ, ಕೇಬಲನ್ನು ಯಂತ್ರದಿಂದ ಬಿಚ್ಚಿ, ತುದಿಯನ್ನು ಕಿಟಕಿಯ ಹೊರಗೆ ಹಾಕಿಬಿಡುತ್ತಾರೆ.